ನಮ್ಮ ಮನೆಯ ನಲ್ಲಿ ಗುಂಡಿ

ನಮ್ಮೂರಿನ ನಲ್ಲಿಗಳಲ್ಲಿ ನೀರಿಗಿಂತ ಮೊದಲು ಗಾಳಿ ಬರುತ್ತದೆ. ದಿನ ಬಿಟ್ಟು ದಿನ, ಜನ ಬೆಳಗ್ಗೆ ಡೈರಿಗೆ ಹಾಲು ಹಾಕಿ ವಾಪಸಾಗುವ ಹೊತ್ತಿಗೆ, ನಲ್ಲಿ ಒಮ್ಮೆ ಬುಸ್ಸೆನ್ನುತ್ತದೆ, ಎರಡು ಸಲ ಕೆಮ್ಮುತ್ತದೆ, ಒಂದು ಚೊಂಬಿನಷ್ಟು ಕೆಂಪು ನೀರು ಕಕ್ಕುತ್ತದೆ. ಅದಾದ ಮೇಲೆ ತಿಳಿನೀರು. ಆ ಬುಸ್ಸನ್ನು ಕೇಳಿಸಿಕೊಳ್ಳದೆ ಹೋದವರು ಎರಡು ದಿನ ಕೊಡ ಹಿಡಿದು ಅವರಿವರ ಬಾಗಿಲಿಗೆ ಅಲೆಯಬೇಕು. ಅದಕ್ಕೇ ನಮ್ಮಲ್ಲಿ ನೀರು ನಿಂತ ಮೇಲೂ ಯಾರೂ ನಲ್ಲಿ ತಿರುಪಿ ಮುಚ್ಚುವುದಿಲ್ಲ. ತೆರೆದೇ ಬಿಟ್ಟಿರುತ್ತಾರೆ. ಒಳಗೆ ಒಲೆ ಮುಂದೆ ಕೂತಿದ್ದರೂ ನನ್ನ ಒಂದು ಕಿವಿ ಅಂಗಳದ ಕಡೆಗೇ ಇರುತ್ತದೆ.

ಕುದೂರಿನಿಂದ ಒಳಗಿರುವ ಸಣ್ಣ ಊರು ನಮ್ಮದು. ನೀರಿನ ಟ್ಯಾಂಕು ಶಾಲೆಯ ಹಿಂದಿದೆ. ಅಲ್ಲಿಂದ ನಮ್ಮ ಬೀದಿ ಏರುತ್ತಾ ಬಂದು ನಮ್ಮ ಮನೆಯ ಮುಂದೆ ಮುಗಿಯುತ್ತದೆ. ಆಮೇಲೆ ಹುರುಳಿ ಹೊಲ, ಅದರಾಚೆ ಬಂಡೆ. ಮನೆಮನೆಗೂ ನಲ್ಲಿ ಹಾಕಿಸಿದಾಗ ಕೆಳಗಿನ ಮನೆಗಳವರು ಕೊಡದ ಮೇಲೆ ಕೊಡ ತುಂಬಿಕೊಂಡರು. ನಮ್ಮ ನಲ್ಲಿ ಮಾತ್ರ ಬುಸುಗುಟ್ಟಿ ಸುಮ್ಮನಾಗುತ್ತಿತ್ತು. ನೀರಿಗೆ ಆ ಏರು ಹತ್ತುವಷ್ಟು ದಮ್ಮಿರಲಿಲ್ಲ. ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡಿದ ನಲ್ಲಿ ನನ್ನನ್ನೇ ಅಣಕಿಸುವಂತೆ ನಿಂತಿದ್ದರೆ ನನಗೆ ತಡೆಯಲಾಗಲಿಲ್ಲ. ನಮ್ಮ ಯಜಮಾನರ ಬೆನ್ನು ಬಿದ್ದು, ಅಂಗಳದಲ್ಲಿ ಮಂಡಿಯಾಳದ ಗುಂಡಿ ತೋಡಿಸಿದೆ. ಪೈಪನ್ನು ನೆಲದೊಳಗೇ ಕತ್ತರಿಸಿ, ಗುಂಡಿಯ ಗೋಡೆಗೆ ನಲ್ಲಿ ಕೂರಿಸಿ, ಅದರ ಬಾಯಿಗೆ ಮೊಳದುದ್ದದ ಪ್ಲಾಸ್ಟಿಕ್ ಪೈಪು ಸಿಕ್ಕಿಸಿದೆವು. ತಗ್ಗಿಗೆ ಇಳಿಸಿದ ಮೇಲೆ ನೀರು ಬಂತು. ಗುಂಡಿಯಲ್ಲಿ ಇಳಿದು ಕೊಡ ತುಂಬಿ, ಮೇಲೆ ನಿಂತವರ ಕೈಗೆ ಎತ್ತಿ ಕೊಡಬೇಕು, ಅಷ್ಟೆ.

ನನ್ನದು ನೋಡಿ ಮೇಲುಬೀದಿಯವರೆಲ್ಲ ಗುಂಡಿ ತೋಡಿಕೊಂಡರು. ನೀರು ಬಿಡುವ ನೀರುಗಂಟಿ ಮಾತ್ರ ಬಂದು ಕೂಗಾಡಿದ. "ಎಲ್ರೂ ಹಿಂಗೆ ಗುಂಡಿ ತೋಡ್ಕಂಡ್ರೆ ಲೈನಿನ ಗತಿ ಏನಕ್ಕ?" ಅಂದ. "ನೀನು ನೀರು ಹತ್ತಿಸು, ನಾನು ಗುಂಡಿ ಮುಚ್ತೀನಿ" ಅಂತ ನಾನೂ ಜೋರು ಮಾಡಿದೆ. ಅವನು ಬಂದ ದಾರಿಗೆ ಹೋದ. ಆವತ್ತು ಗೆದ್ದೆನೆಂದು ಬೀಗಿದ್ದು ನನಗೆ ಚೆನ್ನಾಗಿ ನೆನಪಿದೆ. ಬೀದಿಯ ಹೆಂಗಸರ ಮುಂದೆ ನನ್ನ ಗುಂಡಿಯ ಗುಣಗಾನ ಬೇರೆ. ಬೇರೆಯವರ ಗುಂಡಿಗಳಲ್ಲಿ ನೀರು ನಿಂತು ಪಾಚಿ ಕಟ್ಟುತ್ತಿತ್ತು, ಸೊಳ್ಳೆ ಮುತ್ತುತ್ತಿದ್ದವು. ನಮ್ಮ ಗುಂಡಿ ಬೆಳಗ್ಗೆ ತುಂಬಿದರೆ ಹೊತ್ತೇರುವುದರೊಳಗೆ ಪೈಪಿನ ಬಾಯಿ ಕಾಣುವಷ್ಟು ಇಳಿದಿರುತ್ತಿತ್ತು. "ನಮ್ಮ ಮಣ್ಣು ಒಳ್ಳೇದು, ಹಂಗೇ ಇಂಗಿ ಹೋಯ್ತದೆ" ಎಂದು ಹೇಳಿಕೊಂಡು ತಿರುಗಿದೆ. ಗುಂಡಿಯ ಪಕ್ಕದಲ್ಲೇ ಬಟ್ಟೆ ಒಗೆಯುವ ಕಲ್ಲು. ಕಲ್ಲಿನ ನೀರು ಚರಂಡಿಗೆ ಹರಿಯಬೇಕಾದದ್ದು ಒಂದಿಷ್ಟು ಗುಂಡಿಗೂ ಬೀಳುತ್ತಿತ್ತು. ಹೇಗೂ ಇಂಗುತ್ತದಲ್ಲ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಇನ್ನು ನೀರು ಪರೀಕ್ಷೆ ನನ್ನ ಕೈಗೆ ಬಂದದ್ದು. ಪಂಚಾಯಿತಿಯವರು ಮಹಿಳಾ ಸಂಘಗಳಿಂದ ಕೆಲವರನ್ನು ಕರೆಸಿ ತರಬೇತಿ ಕೊಟ್ಟಾಗ ನಮ್ಮೂರಿನಿಂದ ನಾನು ಹೋಗಿದ್ದೆ. ಪಿಯುಸಿ ಓದಿದವಳು, ಬಾಯಿ ಇರುವವಳು ಎಂದು ಆರಿಸಿದರಂತೆ. ಊಟದ ಡಬ್ಬಿಯಂಥ ಒಂದು ಪೆಟ್ಟಿಗೆ ಕೊಟ್ಟರು. ಅದರಲ್ಲಿ ಬಣ್ಣ ನೋಡುವ ಕಾಗದ, ಹನಿ ಹಾಕುವ ಸೀಸೆಗಳು, ಜೊತೆಗೆ ತಳದಲ್ಲಿ ಒಂದು ಚೂರು ಮದ್ದಿನ ಕಾಗದ ಇರುವ ಗಾಜಿನ ಸಣ್ಣ ಬಾಟಲಿಗಳು. ಬಾಟಲಿಗೆ ಗೆರೆಯವರೆಗೆ ನೀರು ತುಂಬಿ ಮುಚ್ಚಿ ಒಂದೆರಡು ದಿನ ಬೆಚ್ಚಗಿನ ಕಡೆ ಇಡಬೇಕು. ಬಣ್ಣ ಬದಲಾಗದಿದ್ದರೆ ಸರಿ. ಕಪ್ಪಾದರೆ ಆ ನೀರಿಗೆ ಹೊಲಸು ಸೇರಿದೆ, ಕುಡಿಯುವ ಹಾಗಿಲ್ಲ. ನಾನು ಬಚ್ಚಲುಮನೆಯ ಹಂಡೆ ಒಲೆಯ ಮೇಲಿನ ಗೂಡಿನಲ್ಲಿ ಇಡುತ್ತಿದ್ದೆ. ಅಲ್ಲಿ ಸದಾ ಬೆಚ್ಚಗಿರುತ್ತದೆ.

ಹೇಳಿಕೊಟ್ಟ ಮೇಡಮ್ಮು ಒಂದು ಮಾತನ್ನು ಮೂರು ಸಲ ಹೇಳಿದ್ದರು. ಟ್ಯಾಂಕಿನ ಹತ್ತಿರ ಒಂದು ಬಾಟಲಿ, ನಡುವಿನ ಮನೆಯಲ್ಲೊಂದು, ಲೈನಿನ ಕೊನೆಯ ಮನೆಯಲ್ಲೊಂದು ಹಿಡಿಯಬೇಕು. ಕೊನೆಯ ಮನೆ ಎಂದರೆ ನನ್ನದೇ. ನನ್ನ ಮನೆಯ ನೀರನ್ನು ನಾನೇ ಪರೀಕ್ಷೆ ಮಾಡುವುದೇನು ಎನ್ನಿಸಿತು. ಟ್ಯಾಂಕಿನಲ್ಲಿರುವ ನೀರೇ ತಾನೆ ಎಲ್ಲರಿಗೂ ಬರುವುದು? ಟ್ಯಾಂಕಿನ ಕೆಳಗಿನ ನಲ್ಲಿಯಲ್ಲಿ ಹಿಡಿದು ತರುತ್ತಿದ್ದೆ. ಬಾಟಲಿ ಎಂದೂ ಕಪ್ಪಾಗಲಿಲ್ಲ. ಪುಸ್ತಕದಲ್ಲಿ ಟ್ಯಾಂಕು, ನಡುವಿನ ಮನೆ, ಕೊನೆಯ ಮನೆ, ಮೂರಕ್ಕೂ 'ಕುಡಿಯಲು ಯೋಗ್ಯ' ಎಂದು ದುಂಡಗೆ ಬರೆದು ಸಹಿ ಹಾಕುತ್ತಿದ್ದೆ. ನನ್ನ ಅಕ್ಷರ ಮುತ್ತಿನಂತಿದೆ ಎಂದು ಪಂಚಾಯಿತಿಯಲ್ಲಿ ಹೊಗಳಿದ್ದರು ಕೂಡ.

ಮಗಳು ಬಾಣಂತನಕ್ಕೆ ಬಂದಿದ್ದಳು. ಹಾರೋಹಳ್ಳಿಯ ಕಡೆ ಕೊಟ್ಟಿದ್ದೇವೆ. ಅಲ್ಲೇ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಅವಳಿಗೆ ಕೆಲಸ. ಹೆಣ್ಣು ಕೂಸು, ಕೆಂಪಗೆ ದುಂಡಗೆ, ತೊಡೆಯಲ್ಲಿ ಮಡಿಕೆ ಮಡಿಕೆ. ಆರು ತಿಂಗಳು ತುಂಬಿ ರಾಗಿ ಸರಿ ತಿನ್ನಿಸಲು ಶುರು ಮಾಡಿದ್ದೆವು. ಇನ್ನೆರಡು ವಾರಕ್ಕೆ ಅಳಿಯಂದಿರು ಬಂದು ಕರೆದುಕೊಂಡು ಹೋಗುವವರಿದ್ದರು. ಮಗಳು ನೀರಿನ ವಿಷಯದಲ್ಲಿ ಬಲು ಕಟ್ಟುನಿಟ್ಟು. ಮಗುವಿನ ನೀರನ್ನು ಕೊತಕೊತ ಕುದಿಸಿ ಫ್ಲಾಸ್ಕಿಗೆ ತುಂಬಿಡುತ್ತಿದ್ದಳು. ಅದನ್ನು ಬಿಟ್ಟು ಬೇರೆ ನೀರು ತಾಕಿಸಕೂಡದು ಎಂದು ನನಗೆ ಹುಕುಂ ಮಾಡಿದ್ದಳು. "ನೀರು ಪರೀಕ್ಷೆ ಮಾಡೋಳಿಗೇ ಪಾಠ ಹೇಳ್ತೀಯಲ್ಲೇ" ಎಂದು ನಾನು ನಗುತ್ತಿದ್ದೆ.

ಇಲ್ಲಿ ನನ್ನ ಕೈಯ ವಿಷಯ ಹೇಳಬೇಕು. ನಮ್ಮ ಕಡೆ ಹೆಂಗಸರಿಗೆ ಮದುವೆಗೆ ಮೊದಲೇ ಕಲಿಸುವ ಕೆಲಸ ನೀರು ಹದ ಮಾಡುವುದು. ಹಂಡೆಯ ಸುಡುನೀರನ್ನು ಬಕೆಟ್ಟಿಗೆ ಹಾಕಿ, ತಣ್ಣೀರು ಬೆರೆಸಿ, ಮುಂಗೈ ಅದ್ದಿ ನೋಡಿ, ಮತ್ತೊಂದು ಚೊಂಬು ಬೆರೆಸಿ, ಮಾವನಿಗೆ ಒಂದು ಹದ, ಬಾಣಂತಿಗೆ ಒಂದು ಹದ, ಕೂಸಿಗೆ ಇನ್ನೊಂದು ಹದ. ಮೂವತ್ತು ವರ್ಷ ಈ ಕೆಲಸ ಮಾಡಿದ ಕೈಗೆ ಬಿಸಿ ನೀರು ಕಂಡರೆ ಪಕ್ಕದ ತಣ್ಣೀರಿನ ಕಡೆಗೆ ತಾನೇ ಹೋಗುವ ಚಟ. ಫ್ಲಾಸ್ಕಿನ ನೀರು ಗಂಟೆಗಟ್ಟಲೆ ಕಳೆದರೂ ನಾಲಗೆ ಸುಡುವಂತಿರುತ್ತಿತ್ತು. ಮಗು ನೀರು ಕುಡಿಸುವ ಒಳಲೆ ಕಂಡ ತಕ್ಷಣ ಬಾಯಿ ತೆರೆದು ಚೀರುತ್ತಿತ್ತು. ಆರಿಸಿಕೊಂಡು ಕೂರಲು ಯಾರಿಗೆ ತಾಳ್ಮೆ? ಅಡುಗೆಮನೆಯ ಕೊಡದಿಂದ ಒಂದೆರಡು ಚಮಚ ತಣ್ಣೀರು ಬೆರೆಸಿ, ಮುಂಗೈಗೆ ಹನಿ ಬಿಟ್ಟು ನೋಡಿ, ಕುಡಿಸಿಬಿಡುತ್ತಿದ್ದೆ. ರಾಗಿ ಸರಿ ಕಲಸುವಾಗಲೂ ಹಾಗೇ. ಕದ್ದು ಮಾಡಬೇಕೆಂದು ಮಾಡಿದ್ದಲ್ಲ. ಮಾಡುತ್ತಿದ್ದೇನೆ ಎಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ.

ಒಂದು ಬೆಳಗ್ಗೆ ಕೆಳಮನೆಯಾಕೆ ಬಂದಳು. ನಮ್ಮಿಂದ ನಾಲ್ಕು ಮನೆ ಕೆಳಗಿದ್ದಾಳೆ, ನನಗಿಂತ ಚಿಕ್ಕವಳು, ಮೆತ್ತಗಿನ ಮಾತಿನವಳು. ಸೆರಗಿನ ತುದಿ ತಿರುವುತ್ತಾ ಬಾಗಿಲಲ್ಲೇ ನಿಂತಳು.

"ಅಕ್ಕಯ್ಯ, ನೀರು ಒಂಥರಾ ವಾಸ್ನೆ ಬತ್ತಾ ಐತೆ. ನಮ್ಮತ್ತೆಗೆ ಎರಡು ದಿನದಿಂದ ಹೊಟ್ಟೆ ಕೆಟ್ಟೈತೆ. ಒಸಿ ಪರೀಕ್ಷೆ ಮಾಡಿ ನೋಡ್ತೀಯಾ?"

ನನಗೆ ಸಿಟ್ಟು ಬಂತು. ನಾನು ಯೋಗ್ಯ ಎಂದು ಬರೆದ ನೀರಿಗೆ ಇವಳು ವಾಸನೆ ಹಿಡಿಯುತ್ತಾಳಲ್ಲ ಎಂದು. "ಮೊನ್ನೆ ತಾನೆ ನೋಡಿವ್ನಿ, ಚಿನ್ನದಂಥ ನೀರು. ಮೊದ್ಲು ಹೋಗಿ ನಿನ್ ಕೊಡ ಹುಣಸೆಹಣ್ಣು ಹಾಕಿ ಉಜ್ಜು" ಅಂದೆ. ಅವಳ ಮುಖ ಚಿಕ್ಕದಾಯಿತು. "ಆಯ್ತು ಬುಡಕ್ಕಯ್ಯ" ಎಂದು ಇಳಿದು ಹೋದಳು. ಅವಳು ಹೋದ ಮೇಲೆ ಮಗಳು, "ಪಾಪ, ನೋಡಿದ್ರೆ ನಿನ್ನ ಗಂಟೇನು ಹೋಗ್ತಿತ್ತಮ್ಮ" ಅಂದಳು. ನಾನು ಕೇಳಿಸದವಳ ಹಾಗೆ ಒಳಗೆ ಹೋದೆ.

ಅದಾಗಿ ನಾಲ್ಕನೆಯ ದಿನ ಮಗುವಿಗೆ ಭೇದಿ ಶುರುವಾಯಿತು. ಮೊದಲ ದಿನ ನಾನು ಹಲ್ಲು ಬರುತ್ತಿದೆ ಅಂದೆ. ಹಲ್ಲು ಬರುವಾಗ ಎಲ್ಲ ಮಕ್ಕಳಿಗೂ ಹೀಗಾಗುತ್ತದೆ, ನಿನಗೂ ಆಗಿತ್ತು ಎಂದು ಮಗಳಿಗೆ ಧೈರ್ಯ ಹೇಳಿದೆ. ದೃಷ್ಟಿಯಾಗಿದ್ದರೂ ಆಗಿರಬಹುದೆಂದು ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದೆ. ಒಗೆಯುವ ಕಲ್ಲಿನ ಮೇಲೆ ಮಗುವಿನ ಬಟ್ಟೆಗಳನ್ನು ಒಗೆದೂ ಒಗೆದೂ ಕೈ ಬಿಳುಚಿಕೊಂಡಿತು. ಎರಡನೆಯ ದಿನ ಬೆಳಗ್ಗೆ ಎತ್ತಿಕೊಂಡಾಗ ಮಗು ಹಗುರವಾಗಿತ್ತು. ಒಂದೇ ದಿನದಲ್ಲಿ ಕೂಸು ಹಗುರಾಗುತ್ತದೆಯೇ, ನನ್ನ ಭ್ರಮೆಯೇ ಎಂದುಕೊಂಡೆ. ತಲೆ ನೇವರಿಸುವಾಗ ನೆತ್ತಿಯ ಮೆತ್ತಗಿನ ಜಾಗ ಒಳಗೆ ಇಳಿದದ್ದು ಬೆರಳಿಗೆ ತಿಳಿಯಿತು. ಮಗು ಅಳುತ್ತಿತ್ತು, ಆದರೆ ಕಣ್ಣಲ್ಲಿ ನೀರಿರಲಿಲ್ಲ.

ಬೆಳಗಿನ ಬಸ್ಸು ಆಗಲೇ ಹೋಗಿತ್ತು. ನಮ್ಮ ಯಜಮಾನರು ಯಾರದೋ ಆಟೋ ಹಿಡಿದು ತಂದರು. ಕುದೂರಿನವರೆಗೂ ಮಗಳು ಮಗುವಿನ ತುಟಿಗೆ ಫ್ಲಾಸ್ಕಿನ ನೀರಲ್ಲಿ ಬೆರಳು ಅದ್ದಿ ಅದ್ದಿ ಸವರುತ್ತಿದ್ದಳು. ರಸ್ತೆಯ ಒಂದೊಂದು ಹಳ್ಳಕ್ಕೂ ಆಟೋ ಎಗರಿದಾಗ ನನ್ನ ಜೀವ ಬಾಯಿಗೆ ಬರುತ್ತಿತ್ತು. ದೇವರೇ, ಈ ಕೂಸನ್ನು ಉಳಿಸಿಕೊಡು, ಅವರ ಮನೆ ಕೂಸನ್ನು ನನ್ನ ಮನೆಯಲ್ಲಿ ಏನೂ ಮಾಡಬೇಡ ಎಂದು ಬೇಡುತ್ತಲೇ ಇದ್ದೆ.

ಕುದೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟು ನೋಡಿದರು, ನಾಲಗೆ ನೋಡಿದರು. ನೀರಿನಂಶ ಹೋಗಿದೆ, ತಡ ಮಾಡಿದ್ದರೆ ಕಷ್ಟವಾಗುತ್ತಿತ್ತು ಅಂದರು. ಉಪ್ಪು ಸಕ್ಕರೆಯ ಪುಡಿಯ ಪೊಟ್ಟಣಗಳನ್ನು ಕೊಟ್ಟು, ಗುಟುಕು ಗುಟುಕಾಗಿ ಕುಡಿಸುತ್ತಾ ಸಂಜೆಯವರೆಗೆ ಇಲ್ಲೇ ಇರಿ, ಭೇದಿ ಇಳಿಯದಿದ್ದರೆ ಮಾಗಡಿಗೆ ಕರೆದುಕೊಂಡು ಹೋಗಬೇಕಾಗುತ್ತದೆ ಅಂದರು. ಆಮೇಲೆ ಕೇಳಿದರು.

"ಮಗುಗೆ ಯಾವ ನೀರು ಕೊಡ್ತೀರಿ?"

"ಕುದಿಸಿದ್ದೇ ಸಾರ್. ಇಪ್ಪತ್ತು ನಿಮಿಷ ಕುದಿಸ್ತೀನಿ. ಬೇರೆ ನೀರು ತಾಕಿಸೋದೇ ಇಲ್ಲ" ಅಂದಳು ಮಗಳು.

"ಪೂರ್ತಿ ಕುದಿಸಿದ್ದೇನಾ? ಏನೂ ಬೆರೆಸಲ್ಲ?"

ಆ ಕ್ಷಣದಲ್ಲಿ ನನ್ನ ಕೈ ನನಗೆ ಕಂಡಿತು. ಅಡುಗೆಮನೆ, ಮುಚ್ಚಳ ತೆಗೆದ ಕೊಡ, ಚಮಚ, ಒಳಲೆ. ದಿನಕ್ಕೆ ಮೂರು ಸಲ, ನಾಲ್ಕು ಸಲ. "ಇಲ್ಲ ಸಾರ್" ಎಂದು ಮಗಳೇ ಹೇಳಿದಳು. ಇಷ್ಟು ಬಾಯಿ ಇರುವ ನಾನು ಅಲ್ಲಿ ಬಾಯಿ ಬಿಡಲಿಲ್ಲ. ಡಾಕ್ಟರು ನನ್ನ ಕಡೆ ನೋಡಿದಾಗ ಮಗುವಿನ ಕಾಲುಚೀಲ ಸರಿಮಾಡುವವಳ ಹಾಗೆ ಬಗ್ಗಿದೆ.

ಸಂಜೆಗೆ ಮಗು ಒಂದು ಸಲ ಉಚ್ಚೆ ಹೊಯ್ದಿತು. ಉಚ್ಚೆ ಹೊಯ್ದದ್ದಕ್ಕೆ ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಡಾಕ್ಟರು ಮನೆಗೆ ಹೋಗಲು ಒಪ್ಪಿದರು, ಮತ್ತೆ ಹೆಚ್ಚಾದರೆ ಒಂದು ಗಳಿಗೆ ಕಾಯಬೇಡಿ ಅಂದರು.

ಮರುದಿನ ಬೆಳಗ್ಗೆ ನಾನು ನೇರ ಟ್ಯಾಂಕಿನ ಹತ್ತಿರ ಹೋದೆ. ಒಳಗೆ ಹೆದರಿಕೆ ತುಂಬಿದಾಗ ನನಗೆ ಬರುವುದು ಸಿಟ್ಟೇ. ಕೊಡದ ನೀರಿನಿಂದಲೇ ಹೀಗಾಗಿದ್ದರೆ ನೀರು ಕೆಟ್ಟದ್ದು ನೀರುಗಂಟಿಯ ತಪ್ಪು, ನನ್ನ ಚಮಚದ್ದಲ್ಲ ಎಂದು ಮನಸ್ಸಿನಲ್ಲಿ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಅವನು ಲೈನಿಗೆ ನೀರು ಬಿಡುವ ಗೇಟ್‌ವಾಲ್ ತಿರುಗಿಸುತ್ತಿದ್ದ. ನಾಲ್ಕು ಜನರ ಮುಂದೆ ಅವನ ಮೇಲೆ ಹಾರಾಡಿದೆ. ಟ್ಯಾಂಕು ತೊಳೆದು ಎಷ್ಟು ದಿನವಾಯಿತು, ಬ್ಲೀಚಿಂಗ್ ಪುಡಿ ಹಾಕಿದ್ದೀಯಾ, ನನ್ನ ಮೊಮ್ಮಗಳು ಸಾಯುತ್ತಿದ್ದಳು, ನಿನಗೆ ಮಕ್ಕಳಿಲ್ಲವಾ ಎಂದೆಲ್ಲ ಅಂದೆ. ಅವನು ವಾಲ್ ಪೂರ್ತಿ ತಿರುಗಿಸಿದ. ಕೈ ಒರೆಸಿಕೊಂಡು ಹೇಳಿದ.

"ಪುಡಿ ಹಾಕಿವ್ನಿ, ಟ್ಯಾಂಕೂ ತೊಳ್ದಿವ್ನಿ. ನೀನೇ ಯೋಗ್ಯ ಅಂತ ಬರ್ದಿದ್ದೀಯಲ್ಲಕ್ಕ. ಯಾವಾಗ್ಲೂ ಇಲ್ಲೇ ಹಿಡ್ಕಂಡು ಹೋಯ್ತೀಯ. ಒಂದ್ ಕಿತ ನಿನ್ ಮನೆ ನಲ್ಲೀಲಿ ಹಿಡ್ದು ನೋಡು, ಆಮ್ಯಾಲೆ ಬಂದು ನನ್ನ ಬೈಯಿ."

ಜಿದ್ದಿಗೆ ಬಿದ್ದು ಅವನ ಮುಂದೆಯೇ ಟ್ಯಾಂಕಿನ ನಲ್ಲಿಯಲ್ಲಿ ಒಂದು ಬಾಟಲಿ ಹಿಡಿದೆ. ಮನೆಗೆ ಬಂದು, ಗುಂಡಿಗೆ ಇಳಿದು, ನಮ್ಮ ನಲ್ಲಿಯಲ್ಲಿ ಬಂದ ಮೊದಲ ನೀರನ್ನು ಇನ್ನೊಂದಕ್ಕೆ ಹಿಡಿದೆ. ಎರಡಕ್ಕೂ ಚೀಟಿ ಅಂಟಿಸಿ ಗೂಡಿನಲ್ಲಿಟ್ಟೆ.

ಆ ಹಗಲು ಕಳೆದದ್ದು ಹೇಗೆಂದು ಹೇಳಲಾರೆ. ಒಳಗೆ ಮಗು, ಬಚ್ಚಲಲ್ಲಿ ಬಾಟಲಿ. ಹತ್ತು ನಿಮಿಷ ಮಗುವಿನ ನೆತ್ತಿ ಮುಟ್ಟಿ ನೋಡುವುದು, ಹತ್ತು ನಿಮಿಷ ಗೂಡಿನ ಮುಂದೆ ನಿಲ್ಲುವುದು. ಮಗುವಿನ ಭೇದಿ ಇಳಿಯುತ್ತಾ ಬಂದಿತ್ತು. ಎರಡು ಬಾಟಲಿಯೂ ಕಪ್ಪಾಗಲಿ, ಆಗ ತಪ್ಪು ಟ್ಯಾಂಕಿನದು ಎಂದು ಒಂದು ಸಲ ಬೇಡಿಕೊಂಡೆ. ಎರಡೂ ಕಪ್ಪಾದರೆ ಇಡೀ ಊರಿನ ಮಕ್ಕಳ ಗತಿ ಏನೆಂದು ಯೋಚಿಸಿ ನನಗೇ ನಾಚಿಕೆಯಾಯಿತು. ಮಗಳು ಮಗುವಿಗೆ ಪೊಟ್ಟಣದ ನೀರನ್ನು ತಾನೇ ಕುಡಿಸುತ್ತಿದ್ದಳು. ಒಂದು ಸಲ ನಾನು ಕುಡಿಸುತ್ತೇನೆಂದು ಒಳಲೆಗೆ ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡೆ. "ಯಾಕಮ್ಮ, ಹುಷಾರಿಲ್ವಾ?" ಎಂದು ಕೇಳಿದಳು. ಏನಿಲ್ಲ ಅಂದೆ.

ಮಾರನೆಯ ಬೆಳಗ್ಗೆ ಹಂಡೆಗೆ ಬೆಂಕಿ ಹಾಕಲು ಹೋದಾಗ ಕಂಡದ್ದು ಇಷ್ಟು. ಟ್ಯಾಂಕಿನ ಬಾಟಲಿ ಇಟ್ಟ ಹಾಗೆಯೇ ಇತ್ತು. ನಮ್ಮ ಮನೆಯದು ಕಾಡಿಗೆಯಷ್ಟು ಕಪ್ಪು. ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಬೆಳಕು ಆಚೆಗೆ ಹಾಯಲಿಲ್ಲ. ಚೀಟಿ ಅದಲುಬದಲಾಗಿದೆಯೇನೋ ಎಂದು ಎರಡೆರಡು ಸಲ ಓದಿದೆ. ಅಕ್ಷರ ನನ್ನದೇ, ಮುತ್ತಿನಂಥದ್ದೇ.

ಅದು ನೀರು ಬಿಡದ ದಿನ. ನೀರುಗಂಟಿಗೆ ಹೇಳಿ ಕಳಿಸಿದೆ. ಬಂದವನು ಕಪ್ಪು ಬಾಟಲಿ ನೋಡಿ, ಗುಂಡಿಯ ಹತ್ತಿರ ಹೋಗಿ ಬಗ್ಗಿ ನೋಡಿದ. ಹಂಗಿಸಿದ್ದರೆ ನನಗೇ ಹಗುರಾಗುತ್ತಿತ್ತು. ನಾಳೆ ನೀರು ಬಿಟ್ಟು ವಾಲ್ ಮುಚ್ಚಿದ ಮೇಲೆ ಬತ್ತೀನಿ, ಅಲ್ಲೀಗಂಟ ಗುಂಡಿ ಹಂಗೇ ಇರ್ಲಿ ಅಂದ. ಹಾಗೇ ಬಂದ. ಆ ಹೊತ್ತಿಗೆ ನಮ್ಮ ಗುಂಡಿಯಲ್ಲಿ, ಕೊಡ ತುಂಬುವಾಗ ಚೆಲ್ಲಿದ ನೀರು ಎಂದಿನಂತೆ ನಿಂತಿತ್ತು. ನಲ್ಲಿಗೆ ಸಿಕ್ಕಿಸಿದ ಪೈಪಿನ ಬಾಯಿ ಅದರಲ್ಲಿ ಮುಳುಗಿತ್ತು. ಒಗೆಯುವ ಕಲ್ಲಿನಿಂದ ಇಳಿದ ಸೋಪಿನ ನೊರೆ ಮೇಲೆ ತೇಲುತ್ತಿತ್ತು.

"ಈಗ ವಾಲ್ ಮುಚ್ಚಿ ಬಂದಿವ್ನಿ. ಸುಮ್ನೆ ನೋಡ್ತಾ ನಿಂತ್ಕೊ" ಅಂದ.

ನಿಂತೆ. ಸ್ವಲ್ಪ ಹೊತ್ತಿಗೆ ನೊರೆ ಮೆಲ್ಲಗೆ ಪೈಪಿನ ಕಡೆಗೆ ಸರಿಯಿತು. ಅಲ್ಲಿ ಒಂದು ಸುತ್ತು ಸುತ್ತಿತು. ಗುಂಡಿಯ ಗೋಡೆಯ ಮೇಲಿನ ಒದ್ದೆ ಗೆರೆ ಕಾಣಿಸಿಕೊಂಡಿತು, ಅಂದರೆ ನೀರು ಇಳಿಯುತ್ತಿತ್ತು. ಆಮೇಲೆ ಪೈಪಿನೊಳಗಿಂದ ಗೊಳ್ ಗೊಳ್ ಎಂಬ ಸದ್ದು ಬಂತು. ಆ ಸದ್ದನ್ನು ನಾನು ಎಷ್ಟು ಬೆಳಗ್ಗೆ ಕೇಳಿಲ್ಲ! ಮಣ್ಣು ನೀರು ಕುಡಿಯುವ ಸದ್ದು ಎಂದುಕೊಂಡಿದ್ದೆ.

"ಇಂಗ್ತಾ ಇಲ್ಲ ಕಣಕ್ಕ. ನಿನ್ ಪೈಪು ಕುಡೀತಾ ಐತೆ" ಅಂದ ಅವನು. "ಕೆಳಗ್ಲವರ ನಲ್ಲಿಯೆಲ್ಲ ಬಾಯಿ ಬುಟ್ಕಂಡಿರ್ತವೆ. ವಾಲ್ ಮುಚ್ಚಿದ ಮ್ಯಾಲೆ ಲೈನಲ್ಲಿರೋ ನೀರು ಅಲ್ಲಿಗೆ ಇಳೀತದೆ. ಇಳೀವಾಗ ಮ್ಯಾಲಿಂದ ಎಳೀತದೆ. ಎತ್ತರದಲ್ಲಿರೋದು ನಿಂದೇ. ನೆಲದ ಮ್ಯಾಲೆ ನಲ್ಲಿ ಇದ್ರೆ ಗಾಳಿ ಎಳ್ಕಂತಿತ್ತು. ಗುಂಡೀಲಿ ಐತಲ್ಲ, ಗುಂಡಿ ನೀರು ಎಳ್ಕಂತದೆ."

ಒಗೆಯುವ ಕಲ್ಲಿನ ಕಡೆ ನೋಡಿದೆ. ಮಗುವಿನ ಹೊಲಸು ಬಟ್ಟೆಗಳನ್ನು ಇಷ್ಟು ತಿಂಗಳೂ ಅಲ್ಲಿಯೇ ಒಗೆದಿದ್ದೆ, ಭೇದಿಯ ಬಟ್ಟೆಗಳನ್ನೂ. ಆ ನೀರು ಗುಂಡಿಗೆ, ಗುಂಡಿಯಿಂದ ಪೈಪಿಗೆ, ಪೈಪಿನಿಂದ ಕೆಳಗಿನ ಮನೆಗಳಿಗೆ, ಮತ್ತೆ ಮುಂದಿನ ಸಲ ನೀರು ಬಿಟ್ಟಾಗ ನನ್ನ ಕೊಡಕ್ಕೆ. ಕೊಡದಿಂದ ನನ್ನ ಚಮಚಕ್ಕೆ. ಗುಂಡಿಯ ಅಂಚಿನಲ್ಲೇ ಕೂತೆ. ಕೆಳಮನೆಯಾಕೆಗೆ ಕೊಡ ಉಜ್ಜು ಅಂದಿದ್ದೆನಲ್ಲ, ಆ ಮಾತು ನೆನಪಾಗಿ ಮುಖ ಎತ್ತಲಾಗಲಿಲ್ಲ.

ಗುಂಡಿ ಮುಚ್ಚಬೇಕೆಂದಾಗ ನಮ್ಮ ಯಜಮಾನರು ಒಪ್ಪಲಿಲ್ಲ. "ಮುಚ್ಚಿದ್ರೆ ನೀರೇ ಬರಲ್ಲ ಕಣೇ. ಆ ಪೈಪಿನ ತುಂಡು ಕಿತ್ತಾಕು, ನಲ್ಲಿ ತಿರುಪಿ ಇಡು, ಸಾಕು" ಅಂದರು. ಮಾತು ಸರಿಯಾಗಿಯೇ ಇತ್ತು. ಆದರೆ ನನಗೆ ನನ್ನ ಮೇಲೇ ನಂಬಿಕೆ ಹೋಗಿತ್ತು. ಅವಸರಕ್ಕೆ ಇನ್ನೊಂದು ದಿನ ಪೈಪು ಸಿಕ್ಕಿಸುವವಳು ನಾನೇ. ಮಣ್ಣಿನ ಪುಟ್ಟಿ ಹೊತ್ತು ನಾನೇ ಸುರಿಯಲು ನಿಂತ ಮೇಲೆ ಅವರೂ ಗುದ್ದಲಿ ಹಿಡಿದರು. ನೀರುಗಂಟಿ ನಲ್ಲಿಯನ್ನು ನೆಲದ ಮೇಲೆ ಎತ್ತಿ ಕಟ್ಟಿದ. ಎರಡು ಸಲ ಲೈನು ತೊಳೆದು ಬಿಟ್ಟ. ಬಟ್ಟೆ ಕಲ್ಲನ್ನು ಹಿತ್ತಲಿಗೆ ಉರುಳಿಸಿಕೊಂಡು ಹೋದೆವು.

ಅದೇ ದಿನ ಕೆಳಮನೆಗೆ ಹೋದೆ. ಅವಳ ಅತ್ತೆ ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದರು, ಸುಧಾರಿಸಿಕೊಂಡಿದ್ದರು. ಕಪ್ಪು ಬಾಟಲಿಯನ್ನು ಅವಳ ಕೈಯಲ್ಲಿಟ್ಟು ಎಲ್ಲ ಹೇಳಿದೆ, ತಪ್ಪಾಯಿತು ಅಂದೆ. ಅವಳು ಬಾಟಲಿಯನ್ನೇ ತಿರುಗಿಸಿ ತಿರುಗಿಸಿ ನೋಡಿದಳು. "ನಾನು ಕೊಡ ಉಜ್ಜಿ ಉಜ್ಜಿ ಸಾಕಾಗೋಯ್ತು ಅಕ್ಕಯ್ಯ" ಅಂದಳು. ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಮಾರನೆಯ ದಿನ ಮೇಲುಬೀದಿಯವರನ್ನೆಲ್ಲ ಕರೆದು ಬಾಟಲಿ ತೋರಿಸಿದೆ. ಇಬ್ಬರು ಗುಂಡಿ ಮುಚ್ಚಿದರು. ಉಳಿದವರು ನೋಡೋಣ ಅಂದರು. ಪುಸ್ತಕದಲ್ಲಿ ಕೊನೆಯ ಮನೆಯ ಮುಂದೆ 'ಕುಡಿಯಲು ಯೋಗ್ಯವಲ್ಲ' ಎಂದು ಬರೆದು ಸಹಿ ಹಾಕಿದೆ. ಹಿಂದಿನ ಪುಟಗಳನ್ನು ತಿರುಗಿಸಿ ನೋಡುವ ಧೈರ್ಯ ಬರಲಿಲ್ಲ.

ಇಷ್ಟೆಲ್ಲ ಊರಿಗೆ ಹೇಳಿದವಳು ಮನೆಯೊಳಗೆ ಹೇಳಬೇಕಾದದ್ದನ್ನು ಹೇಳಿರಲಿಲ್ಲ. ಮಗಳು ಪಾಪ, ಮಗುವಿಗೆ ಹೇಗೆ ಬಂತೆಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಒಳಲೆ ಸರಿಯಾಗಿ ತೊಳೆಯಲಿಲ್ಲವೇನೋ, ಇನ್ನೂ ಐದು ನಿಮಿಷ ಕುದಿಸಬೇಕಿತ್ತೇನೋ ಎಂದು ದಿನಕ್ಕೊಂದು ಹೇಳುತ್ತಿದ್ದಳು. ನೀರನ್ನು ಈಗ ಪಾತ್ರೆ ತಳ ಸೀಯುವವರೆಗೆ ಕುದಿಸುತ್ತಿದ್ದಳು. ಅವಳು ಹಾಗೆ ಒಲೆ ಮುಂದೆ ನಿಂತಿರುವಾಗ ನಾನು ಏನಾದರೂ ನೆಪ ಹೇಳಿ ಹಿತ್ತಲಿಗೆ ಹೋಗುತ್ತಿದ್ದೆ. ಹೇಳದೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇನ್ನು ನಾಲ್ಕು ದಿನಕ್ಕೆ ಹೊರಟು ಹೋಗುತ್ತಾಳೆ. ಆದರೆ ತನ್ನ ಕೈಯಿಂದಲೇ ಮಗುವಿಗೆ ಹೀಗಾಯಿತೆಂದು ನಂಬಿಕೊಂಡು ಹೋಗುತ್ತಾಳೆ.

ಮಧ್ಯಾಹ್ನ ಮಗು ಮಲಗಿತ್ತು. ಅವಳು ಫ್ಲಾಸ್ಕು ತೊಳೆಯುತ್ತಿದ್ದಳು. ನಾನು ಹೊಸ್ತಿಲಲ್ಲಿ ಕೂತು ಹೇಳಿದೆ.

"ನೀನು ಕುದಿಸಿದ್ರಲ್ಲಿ ಏನೂ ತಪ್ಪಿಲ್ಲ ಕಣವ್ವ. ಬಿಸಿ ಜಾಸ್ತಿ ಇರ್ತಿತ್ತು ಅಂತ ನಾನೇ ಕೊಡದ ನೀರು ಒಸಿ ಬೆರೆಸ್ತಿದ್ದೆ. ದಿನಾ. ಹದ ಮಾಡ್ತಿದ್ದೆ."

ಅವಳ ಕೈ ನಿಂತಿತು. "ಡಾಕ್ಟರು ಕೇಳಿದಾಗ ನೀನು ಅಲ್ಲೇ ಇದ್ದೆ ಅಲ್ವಾಮ್ಮ?" ಅಂದಳು. ಹೂಂ ಅಂದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಫ್ಲಾಸ್ಕನ್ನು ಒರೆಸಿ, ಮಗು ಮಲಗಿದ್ದ ಕೋಣೆಯೊಳಗೆ ತೆಗೆದುಕೊಂಡು ಹೋಗಿ ಇಟ್ಟಳು.

ಈಗ ನಮ್ಮ ನಲ್ಲಿಯಲ್ಲಿ ನೀರು ನೂಲಿನಷ್ಟು ಬರುತ್ತದೆ. ಎರಡು ಕೊಡ ತುಂಬುವುದರೊಳಗೆ ನಿಂತು ಹೋಗುತ್ತದೆ. ಮಿಕ್ಕದ್ದಕ್ಕೆ ಕೆಳಮನೆಗೆ ಹೋಗುತ್ತೇನೆ, ಅವಳು ಮುಖ ಮುರಿಯದೆ ತುಂಬಿಸಿಕೊಡುತ್ತಾಳೆ. ನೀರು ನಿಂತ ಮೇಲೆ ನಲ್ಲಿಯನ್ನು ತಿರುಪಿ ಮುಚ್ಚುತ್ತೇನೆ, ಮುಚ್ಚಿದ್ದೇನೆಯೇ ಎಂದು ಹೊತ್ತು ಮುಳುಗುವುದರೊಳಗೆ ನಾಲ್ಕು ಸಲ ಹೋಗಿ ನೋಡುತ್ತೇನೆ. ಬಾಟಲಿ ಈಗ ಮೂರು ಕಡೆಯೂ ಹಿಡಿಯುತ್ತೇನೆ. ಕೊನೆಯ ಮನೆಯದು ಕಪ್ಪಾಗಿಲ್ಲ. ಆದರೂ ಚೀಟಿಯನ್ನು ಎರಡೆರಡು ಸಲ ಓದುತ್ತೇನೆ.

ಮಗಳೂ ಮಗುವೂ ಹೊರಟ ಬೆಳಗ್ಗೆ ಅಳಿಯಂದಿರು ಚೀಲಗಳನ್ನು ಕಾರಿಗೆ ಇಡುತ್ತಿದ್ದರು. ಮಗು ಮತ್ತೆ ದುಂಡಗಾಗಿತ್ತು. ನನ್ನನ್ನು ಕಂಡು ಎರಡೂ ಕೈ ಚಾಚಿತು. ಕೊನೆಗೊಂದು ಸಲ ನೀರು ಕುಡಿಸು ಎಂದು ಮಗಳೇ ಒಳಲೆಯನ್ನು ನನ್ನ ಕೈಗೆ ಕೊಟ್ಟಳು. ಎಷ್ಟೋ ದಿನದ ಮೇಲೆ ಕೊಟ್ಟಿದ್ದಳು, ನನಗೆ ಸಂತೋಷದಿಂದ ಕಣ್ಣು ತುಂಬಿತು. ಅಡುಗೆಮನೆಯಲ್ಲಿ ಫ್ಲಾಸ್ಕಿನಿಂದ ಒಳಲೆಗೆ ಬಗ್ಗಿಸಿದೆ, ಹಬೆ ಎದ್ದಿತು. ಮಗು ಚೀರಿತು. ನನ್ನ ಬಲಗೈ, ನಾನು ಹೇಳದೆಯೇ, ಪಕ್ಕದ ಕೊಡದ ಮುಚ್ಚಳದವರೆಗೆ ಹೋಗಿತ್ತು. ಅಲ್ಲೇ ನಿಂತಿತು. ತಲೆಯೆತ್ತಿದೆ. ಮಗಳು ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು.